ತೊಟ್ಟಿಲು ಹೊತ್ತು ತಿರುಗಿದ ಮಿಫ್ಲೆಹ್

ನಮ್ಮ ಕರಕ್ ಊರಿನ ಬಸ್‌ಸ್ಟ್ಯಾಂಡಿನ ಮಿನಿಬಸ್ಸುಗಳಿಗೆ ಹೊರಡುವ ಹೊತ್ತು ಅಂತ ಒಂದಿಲ್ಲ. ಸೀಟು ತುಂಬಿದಾಗ ಹೊರಡುತ್ತವೆ, ಅಷ್ಟೆ. ತುಂಬುವವರೆಗೆ ಡ್ರೈವರು ಏನು ಮಾಡಬೇಕು? ಚಹಾ ಕುಡಿಯಬೇಕು, ಸಿಗರೇಟು ಸೇದಬೇಕು, ರಸ್ತೆ ಮಾಡಿಸಿದವರನ್ನು ಬೈಯಬೇಕು. ನಾನು ಜೀವಮಾನವೆಲ್ಲಾ ಅದನ್ನೇ ಮಾಡಿದೆ. ಸಾಲಿನಲ್ಲಿ ನನ್ನ ಬಸ್ಸಿನ ಮುಂದೆ ನಿಲ್ಲುತ್ತಿದ್ದ ಮಿಫ್ಲೆಹ್ ಮಾತ್ರ ಓದುತ್ತಿದ್ದ.

ಏನು ಸಿಕ್ಕರೂ ಓದುತ್ತಿದ್ದ. ಫಲಾಫೆಲ್ ವಡೆ ಸುತ್ತಿಕೊಟ್ಟ ಪತ್ರಿಕೆಯ ಚೂರನ್ನು ಸ್ಟೀರಿಂಗಿನ ಮೇಲೆ ಹರವಿ, ಎಣ್ಣೆ ಮೆತ್ತಿದ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದುತ್ತಿದ್ದ. ಸುದ್ದಿ ಅರ್ಧಕ್ಕೆ ಹರಿದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಅಬೂ ಐಮನ್, ನಿನ್ನ ಪೊಟ್ಟಣದಲ್ಲಿ ಇದರ ಉಳಿದರ್ಧ ಇದೆಯಾ ನೋಡು" ಅಂತ ಬಂದು ನನ್ನ ಕೈಯ ತುತ್ತನ್ನೇ ಬಿಚ್ಚಿಬಿಡುತ್ತಿದ್ದ. ಎಷ್ಟೋ ಸಲ ನನ್ನ ಮಧ್ಯಾಹ್ನದ ಊಟ ಅವನ ಓದಿಗೆ ಬಲಿಯಾಗಿದೆ. ಮನುಷ್ಯ ಒಳ್ಳೆಯವನು, ಬಸ್ಸೂ ಒಳ್ಳೆಯದು. ಆದರೆ ಅರ್ಧಕ್ಕೆ ನಿಂತ ಕಥೆಯೊಂದನ್ನು ಮಾತ್ರ ಅವನು ತಡೆದುಕೊಳ್ಳಲಾರ.

ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಅವನ ತಾಯಿ ಹಾಜ್ಜಾ ಸಬ್ಹಾ ಆ ಸಂಕಟವನ್ನು ನಮ್ಮೆಲ್ಲರ ಮುಂದೆ ತೋಡಿಕೊಳ್ಳುತ್ತಿದ್ದಳು. "ನಿಮ್ಮ ಗೆಳೆಯನಿಗೆ ಯಾವುದಾದ್ರೂ ಕಾಗದದ ಹುಡುಗೀನ ನೋಡ್ರಪ್ಪಾ. ರಕ್ತಮಾಂಸದವಳನ್ನ ಕಣ್ಣೆತ್ತಿ ನೋಡಲ್ಲ ಇವನು."

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಶಾರ್ಜಾದಿಂದ ಅವನ ತಂಗಿ ಫಲಕ್ ಬಂದಳು. ಮೊಬೈಲು ಇದ್ದವರು ಅದನ್ನು ಸೊಂಟಕ್ಕೆ ಸಿಕ್ಕಿಸಿ ಮೆರೆಯುತ್ತಿದ್ದ ಕಾಲ ಅದು. ಅವಳ ಗಂಡ ಹೊಸದೊಂದು ಅಂಗೈ ಕಂಪ್ಯೂಟರ್ ಕೊಂಡಿದ್ದನಂತೆ, ಹಳೆಯದನ್ನು ಭಾವನಿಗೆ ಕಳಿಸಿದ್ದ. ಬೂದುಬಣ್ಣದ ಡಬ್ಬಿ, ಮುಖಕ್ಕೆ ಗಾಜು, ಪಕ್ಕದ ತೂತಿನಲ್ಲಿ ಒಂದು ಕಡ್ಡಿ. ಕಡ್ಡಿಯಿಂದ ಗಾಜನ್ನು ತಿವಿದರೆ ಪುಟ ತಿರುಗುತ್ತಿತ್ತು.

"ಇದರೊಳಗೆ ಒಂದು ಇಡೀ ಕಾದಂಬರಿ ಇದೆ, ಅಣ್ಣಾ" ಅಂದಳು ಫಲಕ್.

"ಇಷ್ಟರೊಳಗಾ? ಹೇಗೆ ಮಡಚಿ ತುರುಕಿದಾರೆ?" ಅಂದಳು ಹಾಜ್ಜಾ.

"ಮಡಚಿಲ್ಲಮ್ಮಾ. ಯಾರೋ ಪುಣ್ಯಾತ್ಮರು ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಅಧ್ಯಾಯ ಟೈಪು ಮಾಡಿ ಇಂಟರ್‌ನೆಟ್ಟಿಗೆ ಹಾಕಿದಾರೆ. ನಮ್ಮೆಜಮಾನ್ರು ಅದನ್ನೆಲ್ಲ ಕೂಡಿಸಿ ಇದರೊಳಗೆ ಇಳಿಸಿದಾರೆ. ನೋಡಣ್ಣಾ, ಒಂದು ಮಾತು ನೆನಪಿರಲಿ. ಇದರ ಬ್ಯಾಟರಿ ಪೂರ್ತಿ ಸತ್ತರೆ ಒಳಗಿರೋ ಕಾದಂಬರೀನೂ ಸತ್ತಂಗೆ, ಅಳಿಸಿಹೋಗ್ತದೆ. ವಾರಕ್ಕೊಂದು ಸಲನಾದ್ರೂ ಈ ತೊಟ್ಟಿಲಲ್ಲಿ ಮಲಗಿಸಿ ಕರೆಂಟು ಕುಡಿಸು."

ತೊಟ್ಟಿಲು ಅಂದರೆ ಡಬ್ಬಿ ಒರಗಿ ಕೂರುವಂಥ ಒಂದು ಗೂಡು, ಅದರ ಬಾಲಕ್ಕೆ ಉದ್ದನೆಯ ತಂತಿ. ಹಾಜ್ಜಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡಳು. "ಅಲ್ಲಾಹ್! ನನ್ನ ಮನೆಗೆ ತೊಟ್ಟಿಲು ಬರಲಿ ಅಂತ ಮೆಕ್ಕಾದಲ್ಲಿ ನಿಂತು ಬೇಡಿಕೊಂಡಿದ್ದೆ. ಬಂತು. ಒಳಗೆ ಮಲಗಿರೋದು ಏನು ನೋಡು!"

ಕಾದಂಬರಿ ಪತ್ತೇದಾರಿ. ಕಡಲತೀರದ ಯಾವುದೋ ಊರಿನ ಜರ್ದಾಳು ಹಣ್ಣಿನ ಸಾಹುಕಾರ ಬೀಗ ಹಾಕಿದ ತನ್ನದೇ ಗೋದಾಮಿನಲ್ಲಿ ಸತ್ತು ಬಿದ್ದಿದ್ದಾನೆ. ಅವನ ಹೆಂಡತಿಯ ಮೇಲೆ ಅನುಮಾನ, ತಮ್ಮನ ಮೇಲೆ ಅನುಮಾನ, ಎದುರು ಅಂಗಡಿಯ ಗಡಿಯಾರ ರಿಪೇರಿಯವನ ಮೇಲೆ ಅನುಮಾನ. ಇದೆಲ್ಲಾ ನನಗೆ ಹೇಗೆ ಗೊತ್ತು ಅಂದರೆ, ಆ ದಿನಗಳಲ್ಲಿ ಕರಕ್‌ನಲ್ಲಿ ಬಸ್ಸು ಹತ್ತಿದವರಿಗೆಲ್ಲಾ ಗೊತ್ತು. ಬಸ್ಸು ತುಂಬಿದರೂ ಮಿಫ್ಲೆಹ್ ತಲೆಯೆತ್ತುತ್ತಿರಲಿಲ್ಲ.

"ಏ ಮಿಫ್ಲೆಹ್! ಸೀಟು ತುಂಬಿ ಆಗ್ಲೇ ಎಷ್ಟೊತ್ತಾಯ್ತು, ಹೊರಡೋ ಮಾರಾಯಾ!"

"ಒಂದು ನಿಮಿಷ. ಗಡಿಯಾರದವನು ಸುಳ್ಳು ಹೇಳ್ತಿದಾನೆ."

"ಯಾವ ಗಡಿಯಾರದವನು?"

ಮುಗಿಯಿತು. ಅಲ್ಲಿಂದ ಊರು ಮುಟ್ಟುವವರೆಗೆ ಅವನು ಹೇಳುವುದು, ಇವರು ಕೇಳುವುದು. ಇಳಿಯಬೇಕಾದವರು ಇಳಿಯದೆ ಮುಂದಿನ ಹಳ್ಳಿಯವರೆಗೂ ಹೋಗಿ ನಡೆದುಕೊಂಡು ವಾಪಸು ಬಂದದ್ದುಂಟು.

ಆ ಬಸ್ಸಿನ ಮುಂದಿನ ಸೀಟಿನ ಗಿರಾಕಿ ಅಬೂ ತುರ್ಕಿ. ಸೇನೆಯಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ಮುದುಕ. ಮೀಸೆಗೆ ಈಗಲೂ ಕವಾಯತು ಕಲಿಸುವವನು. ಒಂದು ದಿನ ಆತ ಡಬ್ಬಿಯನ್ನು ಇಸಕೊಂಡು ಹಿಂದೆಮುಂದೆ ನೋಡಿ, "ಮಾಶಾ ಅಲ್ಲಾಹ್! ಎಂಥಾ ಚೆಂದದ ವಸ್ತು!" ಅಂದ.

"ನಿಮ್ಮದೇ ಅದು, ಅಬೂ ತುರ್ಕಿ" ಅಂದ ಮಿಫ್ಲೆಹ್.

ಇದು ನಮ್ಮ ಬಾಯಿಗೆ ತಾನಾಗಿ ಬರುವ ಮಾತು. ಹೊಗಳಿದವನು ಕೂಡಲೇ "ಒಡೆಯನ ಕೈಯಲ್ಲೇ ಚೆಂದ" ಅನ್ನಬೇಕು. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯಿತು, ವಸ್ತುವೂ ಉಳಿಯಿತು. ಇಲ್ಲದಿದ್ದರೆ ನನ್ನ ಕೋಟನ್ನು ಹೊಗಳಿದವರಿಗೆಲ್ಲಾ ಕೊಟ್ಟು ನಾನು ಇಷ್ಟೊತ್ತಿಗೆ ಬನಿಯನ್ನಿನಲ್ಲಿ ಬಸ್ಸು ಓಡಿಸಬೇಕಿತ್ತು. ಆದರೆ ಅಬೂ ತುರ್ಕಿ ಹಳೆಯ ಕಾಲದ ಗಟ್ಟಿ ಮನುಷ್ಯ. ಡಬ್ಬಿಯನ್ನು ಕೋಟಿನ ಒಳಜೇಬಿಗಿಳಿಸಿ, "ಅಲ್ಲಾಹ್ ನಿನಗೆ ಇದರ ನೂರರಷ್ಟು ಕೊಡಲಿ ಮಗನೇ. ಕೊಟ್ಟಿದ್ದನ್ನ ಬೇಡ ಅಂದು ಕೊಟ್ಟವನ ಮುಖ ಕೆಡಿಸೋ ಕುಲ ನಮ್ಮದಲ್ಲ" ಅಂದು ಇಳಿದು ಹೋದ.

ಮಿಫ್ಲೆಹ್ ಕೈಯಲ್ಲಿ ಕಡ್ಡಿ ಮಾತ್ರ ಉಳಿಯಿತು. ಓದಲು ಇನ್ನು ಮೂರೇ ಅಧ್ಯಾಯ ಬಾಕಿಯಿತ್ತು.

"ಹೋಗಿ ವಾಪಸು ಕೇಳು" ಅಂದೆ ನಾನು.

"ಕೊಟ್ಟಿದ್ದನ್ನ ಕೇಳೋದಾ? ನಾಳೆ ಈ ಊರಲ್ಲಿ ನನ್ನ ಅಮ್ಮ ತಲೆಯೆತ್ತಿ ನಡೀಬೇಕಾ ಬೇಡವಾ?"

"ಹಾಗಾದ್ರೆ ಬಿಟ್ಟುಬಿಡು."

"ಹೇಗೆ ಬಿಡಲಿ ಅಬೂ ಐಮನ್? ಗೋದಾಮಿಗೆ ಹೊರಗಿನಿಂದ ಬೀಗ. ಹಾಕಿದವನು ಯಾರು?" ಅಂದ, ಮನೆಗೆ ಬೆಂಕಿ ಬಿದ್ದವನ ದನಿಯಲ್ಲಿ. ಮರುಕ್ಷಣ ಬಿಳಿಚಿಕೊಂಡು ಎದ್ದ. "ತೊಟ್ಟಿಲು ನಮ್ಮ ಮನೆಯಲ್ಲೇ ಇದೆ! ಆತ ಡಬ್ಬಿ ಹೊಗಳಿದ, ತೊಟ್ಟಿಲು ಹೊಗಳಲಿಲ್ಲ! ಅದು ಅಲ್ಲಿ ಹಸಿದು ಸಾಯ್ತದೆ!"

ಮುಂದಿನ ಶುಕ್ರವಾರವೇ ತಾಯಿಯ ಹಳೇ ಶಾಲಿನಲ್ಲಿ ತೊಟ್ಟಿಲು ಸುತ್ತಿ ಎದೆಗವಚಿಕೊಂಡು ಅಬೂ ತುರ್ಕಿಯ ಮನೆಗೆ ಅತಿಥಿಯಾಗಿ ಹೋದ. ಡಬ್ಬಿಯನ್ನು ತೊಟ್ಟಿಲಿಗಿಟ್ಟ, ಗೋಡೆಗೆ ಚುಚ್ಚಿದ. ಅಲ್ಲಿಯವರೆಗೆ ಸರಿ. ಆದರೆ ಓದುವುದು ಹೇಗೆ? ಮನೆಯವನು ಮಾತಾಡಿಸುತ್ತಿರುವಾಗ ಅತಿಥಿ ಇನ್ನೊಂದರ ಮುಖ ನೋಡುತ್ತಾ ಕೂತರೆ ಮನೆಯವನಿಗೆ ಅವಮಾನ. ಅಬೂ ತುರ್ಕಿಯೋ ಸೇನೆಗೆ ಸೇರಿದ ದಿನದಿಂದ ಶುರುಮಾಡಿದ. ಕೊನೆಗೆ ಮುದುಕ ನಮಾಜಿಗೆಂದು ಕೈಕಾಲು ತೊಳೆಯಲು ಎದ್ದಾಗ ಮಿಫ್ಲೆಹ್ ಡಬ್ಬಿಯ ಮೇಲೆ ಎರಗಿ ಎರಡು ಪುಟ ನುಂಗಿದ. ಮೂರನೆಯದರ ನಡುವಿನಲ್ಲಿದ್ದಾಗ ನಲ್ಲಿ ನಿಂತಿತು.

"ನಾನಂತೂ ಮುಗಿಸಿದೆ" ಅಂದ ಅಬೂ ತುರ್ಕಿ, ಮುಖ ಒರೆಸಿಕೊಳ್ಳುತ್ತಾ. "ಭೂತಗನ್ನಡಿ ಹಿಡಿದು, ಉಗುರಲ್ಲಿ ತಿವಿದು, ಕೊನೇ ಅಕ್ಷರದವರೆಗೆ. ಕೊಂದವನು ಯಾರು ಹೇಳ್ಲಾ?"

ಮಿಫ್ಲೆಹ್ ಎರಡೂ ಕಿವಿ ಮುಚ್ಚಿಕೊಂಡು, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿಬಂದ.

ಅಬೂ ತುರ್ಕಿ ಮುಂದೊಂದು ದಿನ ಕೀಲುನೋವಿನ ಮುಲಾಮಿಗೆಂದು ಔಷಧಿ ಅಂಗಡಿಗೆ ಹೋದಾಗ ಅಂಗಡಿಯ ಮುಂಝಿರ್ ಡಬ್ಬಿ ನೋಡಿ ಹೊಗಳಿದ. ಅಬೂ ತುರ್ಕಿ ಅಂಥವನು "ನಿನ್ನದೇ" ಅಂದಮೇಲೆ ಕೇಳಬೇಕೆ, ಮುಂಝಿರನ ಮುಷ್ಟಿ ಬಿಡಿಸಿ ಒಳಗಿಟ್ಟೇ ಬಂದ. ಈಗ ಮಿಫ್ಲೆಹ್‌ಗೆ ದಿನಾ ತಲೆನೋವು ಶುರುವಾಯಿತು. ಶಾಲಿನ ಗಂಟು ಹಿಡಿದು ಔಷಧಿ ಅಂಗಡಿಗೆ ಹೋಗುವುದು, ಕೌಂಟರಿನ ಹಿಂದಿನ ಪ್ಲಗ್ಗಿಗೆ ತೊಟ್ಟಿಲು ಚುಚ್ಚುವುದು, ಇನ್ನೊಬ್ಬ ಗಿರಾಕಿ ಬರುವವರೆಗೆ ಅರ್ಧ ಪುಟ ಓದುವುದು, ಮಾತ್ರೆ ತೆಗೆದುಕೊಂಡು ಬರುವುದು. ಆ ಮಾತ್ರೆಗಳು ಹಾಜ್ಜಾಳ ಅಡುಗೆಮನೆಯ ಡಬ್ಬಗಳಲ್ಲಿ ಈಗಲೂ ಇರಬೇಕು.

ಮುಂಝಿರನೂ ಬಿಡಲಿಲ್ಲ. "ಅಬ್ಬಬ್ಬಾ, ಮಿಫ್ಲೆಹ್! ಕೊನೆಗೆ ಇವನೇ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲಪ್ಪಾ" ಅನ್ನುತ್ತಾ ಬಾಟಲಿ ಒರೆಸುತ್ತಿದ್ದ.

"ಇವನು ಅಂದೆಯಾ? ಹಾಗಾದ್ರೆ ಗಂಡಸು! ಯಾಕೋ ಹೇಳಿದೆ, ಪಾಪಿ!"

ಸುದ್ದಿ ಸ್ಟ್ಯಾಂಡಿಗೆ ಬಂತು. ಇನ್ನು ನಮ್ಮ ಜನ ಬಿಡುತ್ತಾರೆಯೇ? ಔಷಧಿ ಅಂಗಡಿಗೆ ಕಾಲಿಟ್ಟವರೆಲ್ಲಾ ಕಾದಂಬರಿ ಓದಿ ಮುಗಿಸಿದವರೇ. "ಮಿಫ್ಲೆಹ್, ಮುಂದಿನ ಸೀಟು ಕೊಡ್ತೀಯೋ, ಇಲ್ಲಾ ಕೊಲೆಗಾರನ ಹೆಸರು ಹೇಳ್ಬಿಡ್ಲೋ?" ಇನ್ನೊಬ್ಬಾಕೆ, "ನನ್ನ ಮೇಕೆಮರೀನ ಒಳಗೆ ಬಿಡಪ್ಪಾ. ಇಲ್ಲಾಂದ್ರೆ ನನ್ನ ಬಾಯಿ ನನ್ನ ಮಾತು ಕೇಳಲ್ಲ." ಮೇಕೆ ಹತ್ತಿತು. ಅವನ ಬಸ್ಸಿನಲ್ಲಿ ಆಗ ಯಾರು ಏನು ಬೇಕಾದರೂ ಮಾಡಬಹುದಿತ್ತು.

ಈ ನಡುವೆ ಅವನ ಬಸ್ಸಿನ ಇಂಜಿನ್ನು ಕೆಟ್ಟು ಅಮ್ಮಾನಿನ ಗ್ಯಾರೇಜಿಗೆ ಹೋಗಬೇಕಾಯಿತು. ವಾರ ಕಳೆದು ಬಂದವನೇ ನೇರ ಔಷಧಿ ಅಂಗಡಿಗೆ ಓಡಿದ. ಡಬ್ಬಿ ಇಲ್ಲ.

"ಹಾಜಿ ದಿಯಾಬ್ ಬಿಪಿ ಮಾತ್ರೆಗೆ ಬಂದಿದ್ರು. ಚೆಂದ ಇದೆ ಅಂದ್ರು. ನಾನೇನು ಮಾಡಲಿ?" ಅಂದ ಮುಂಝಿರ್.

"ಯಾವಾಗ?"

"ನೀನು ಹೋದ ಮರುದಿನ."

ಮಿಫ್ಲೆಹ್ ನನ್ನ ಬಸ್ಸಿನ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ರಕ್ತವಿಲ್ಲ. "ವಾರದಿಂದ ಅದಕ್ಕೆ ಒಂದು ಹನಿ ಕರೆಂಟಿಲ್ಲ, ಅಬೂ ಐಮನ್. ನಿನ್ನ ಬಸ್ಸಲ್ಲಿ ಕರ್ಕೊಂಡು ಹೋಗು. ಕೊನೇ ಅಧ್ಯಾಯ ಒಂದೇ ಬಾಕಿ."

ಶುಕ್ರವಾರ. ಅವತ್ತೇ ಹೊರಟೆವು. ಹಾಜಿ ದಿಯಾಬ್ ಅಂದರೆ ಕುರಿ ಮಂದೆಗಳಿರುವ ದೊಡ್ಡ ಕುಳ. ಅವನ ಅತಿಥಿಗಳ ಕೋಣೆಯಲ್ಲಿ ಆಗಲೇ ಊಟಕ್ಕೆ ಜನ ಸೇರಿದ್ದರು. ಅಬೂ ತುರ್ಕಿ ಒಂದು ದಿಂಬಿಗೆ, ಮುಂಝಿರ್ ಇನ್ನೊಂದಕ್ಕೆ ಒರಗಿದ್ದರು. ಒಳಗಿನಿಂದ ಮನ್ಸಫಿನ ಪರಿಮಳ, ಬೇಯುತ್ತಿರುವ ಕುರಿಮಾಂಸಕ್ಕೆ ಮೊಸರು ಬಿದ್ದ ಘಮ ಬರುತ್ತಿತ್ತು. ಆದರೆ ಮಿಫ್ಲೆಹ್ ಕಣ್ಣು ಗೋಡೆಯ ಶೆಲ್ಫಿನ ಮೇಲೆ. ರೇಡಿಯೋ ಪಕ್ಕದಲ್ಲಿ ಡಬ್ಬಿ. ಅದರ ನೆತ್ತಿಯಲ್ಲಿ ಪುಟ್ಟ ಕೆಂಪು ದೀಪ ಮಿನುಗುತ್ತಿತ್ತು. ಒಮ್ಮೆ ಮಿನುಗಿದರೆ ಮತ್ತೆ ಮಿನುಗುವುದೋ ಇಲ್ಲವೋ ಅನ್ನುವಷ್ಟು ನಿಧಾನ.

"ಹಾಜಿ, ಒಂದು ಮಾತು..." ಅಂತ ಶುರುಮಾಡಿದ.

"ಮಾತು ಎಲ್ಲಿಗೆ ಓಡಿಹೋಗ್ತದೆ, ಮಗನೇ? ಮೊದಲು ಕಾಫಿ. ಆಮೇಲೆ ಊಟ. ಆಮೇಲೆ ಚಹಾ, ಹಣ್ಣು. ಬಂದ ಕೆಲಸ ಏನು ಅಂತ ಅತಿಥೀನ ನನ್ನಪ್ಪ ಕೇಳಲಿಲ್ಲ, ನಾನೂ ಕೇಳಲ್ಲ. ನಾಳೆ ಹೇಳು, ನಾಡಿದ್ದು ಹೇಳು."

ಕಾಫಿ ಬಟ್ಟಲು ಮಿಫ್ಲೆಹ್ ಕೈಗೆ ಬಂತು. ಅವನು ಬಟ್ಟಲು ನೋಡಿದ, ದೀಪ ನೋಡಿದ. ಕುಡಿಯದೆ ಬಟ್ಟಲನ್ನು ನೆಲದ ಮೇಲಿಟ್ಟುಬಿಟ್ಟ.

ಕೋಣೆಯಲ್ಲಿದ್ದವರೆಲ್ಲಾ ದಿಂಬು ಬಿಟ್ಟು ನೆಟ್ಟಗೆ ಕೂತರು. ಗುಟುಕೂ ಕುಡಿಯದೆ ಬಟ್ಟಲು ಕೆಳಗಿಡುವುದು ಅಂದರೆ ಏನು? ನನಗೊಂದು ದೊಡ್ಡ ಬೇಡಿಕೆಯಿದೆ, ಅದು ಈಡೇರದೆ ನಿನ್ನ ಮನೆಯ ಕಾಫಿ ಮುಟ್ಟೆ ಅಂತ. ಕೊಲೆಯ ಸೇಡು ನಿಲ್ಲಿಸಲು ಇಡುತ್ತಾರೆ. ಹೆಣ್ಣು ಕೇಳಲು ಇಡುತ್ತಾರೆ. ಮಿಫ್ಲೆಹ್ ಯಾರನ್ನೂ ಕೊಂದವನಲ್ಲ. ಹಾಜಿ ದಿಯಾಬನಿಗೋ ಮದುವೆಯಾಗದ ಮಗಳೊಬ್ಬಳಿದ್ದಳು. ಹೆಸರು ಹಿಯಾಮ್, ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರು. ಬಂದ ಗಂಡುಗಳನ್ನೆಲ್ಲಾ "ಕೊನೆಗೆ ಓದಿದ ಪುಸ್ತಕ ಯಾವುದು?" ಅಂತ ಕೇಳಿ ಓಡಿಸಿದವಳು. ಎಲ್ಲರ ಕಣ್ಣೂ ನನ್ನತ್ತ ತಿರುಗಿತು. ಹೆಣ್ಣು ಕೇಳಲು ಗಂಡಿನ ಕಡೆಯಿಂದ ಬಂದ ಹಿರಿಯ ನಾನೇ ಅಂತ ಅವರ ಲೆಕ್ಕ. ನನಗೇನು ಗೊತ್ತು? ಇರಲಿ ಅಂತ ಮೀಸೆ ಸವರಿಕೊಂಡು ಗಂಭೀರವಾಗಿ ಕೂತೆ.

ಹಾಜಿ ದಿಯಾಬನ ಮುಖ ಅರಳಿತು. "ಕುಡಿ, ಮಗನೇ. ನಿನ್ನ ಬೇಡಿಕೆ ಏನೇ ಇರಲಿ, ಈಡೇರಿತು ಅಂತ ತಿಳ್ಕೋ."

ಮಿಫ್ಲೆಹ್ ಒಂದೇ ಗುಟುಕಿಗೆ ಕುಡಿದ. ಪರದೆಯ ಹಿಂದಿನಿಂದ ಹಾಜಿಯ ಅಕ್ಕ ನಾಲಗೆ ಹೊರಳಿಸಿ ಮದುವೆಮನೆಯ ಉಲುಲು ಹಾಕಿಯೇಬಿಟ್ಟಳು. ಅಬೂ ತುರ್ಕಿ ಎದ್ದು ನಿಂತು ಮಿಫ್ಲೆಹ್‌ನ ಎರಡೂ ಕೆನ್ನೆಗೆ ಮುತ್ತು ಕೊಟ್ಟ.

"ಈಗ ಬಾಯಿ ಬಿಟ್ಟು ಕೇಳು" ಅಂದ ಹಾಜಿ.

"ಆ ಶೆಲ್ಫಿನ ಹತ್ತಿರ ಒಂದು ಪ್ಲಗ್ಗು ಬೇಕಾಗಿತ್ತು, ಹಾಜಿ."

ಉಲುಲು ನಡುವಿನಲ್ಲೇ ತುಂಡಾಯಿತು.

"ಏನು ಬೇಕಾಗಿತ್ತು?"

"ಪ್ಲಗ್ಗು. ಎರಡು ತೂತಿಂದಾದ್ರೂ ಸರಿ, ಮೂರರದ್ದಾದ್ರೂ ಸರಿ." ಅಷ್ಟು ಹೇಳಿ ಶಾಲಿನ ಗಂಟು ಬಿಚ್ಚಿ ತೊಟ್ಟಿಲು ಹೊರತೆಗೆದ.

ಹಾಜಿ ದಿಯಾಬ್ ನಿಧಾನವಾಗಿ ಎದ್ದ. "ನನ್ನಪ್ಪ ಬಟ್ಟಲು ಕೆಳಗಿಟ್ಟಿದ್ದು ಎರಡು ಕುಲದ ನಡುವೆ ರಕ್ತ ಹರಿಯೋದನ್ನ ನಿಲ್ಲಿಸೋಕೆ. ನನ್ನ ಮಾವ ಇಟ್ಟಿದ್ದು ಗಡೀಪಾರಾದವನನ್ನ ಊರಿಗೆ ಕರೆಸೋಕೆ. ನೀನು... ಕರೆಂಟಿಗೆ ಇಟ್ಟೆಯಾ? ನನ್ನ ಮನೇಲಿ?"

ನಾನು ಬಾಗಿಲು ಎಷ್ಟು ದೂರವಿದೆ ಅಂತ ಅಳೆಯುತ್ತಿದ್ದೆ. ಆಗ ಪರದೆಯ ಹಿಂದೆ ಒಬ್ಬಳು ನಕ್ಕಳು. ತಡೆದು ತಡೆದು, ತಡೆಯಲಾರದೆ ಸಿಡಿದ ನಗು. ತಲೆಯ ವಸ್ತ್ರ ಸರಿಮಾಡಿಕೊಳ್ಳುತ್ತಾ ಹಿಯಾಮ್ ಒಳಗೆ ಬಂದಳು.

"ಅಪ್ಪಾ, ಇಷ್ಟು ಜನರ ಮುಂದೆ ಮಾತು ಕೊಟ್ಟಾಗಿದೆ. ಪ್ಲಗ್ಗು ಕೊಡಬೇಕು." ತಾನೇ ಹೋಗಿ ರೇಡಿಯೋ ತಂತಿ ಕಿತ್ತಳು. "ಬೇಗ ತನ್ನಿ. ಕೆಂಪು ದೀಪ ಬಂದ ಕೂಡಲೇ ನಾನು ಇದನ್ನ ಆರಿಸಿ ಇಟ್ಟಿದೀನಿ. ಕೊನೇ ಅಧ್ಯಾಯ ಬಾಕಿ ಇತ್ತು. ತೊಟ್ಟಿಲು ಇರೋ ಪುಣ್ಯಾತ್ಮ ಯಾವತ್ತಾದ್ರೂ ಬಂದಾನು ಅಂತ ಮುಟ್ಟಿಲ್ಲ."

ಡಬ್ಬಿ ತೊಟ್ಟಿಲಲ್ಲಿ ಕೂತಿತು. ಕೆಂಪು ದೀಪ ತುಸು ಯೋಚಿಸಿ ಹಸಿರಾಯಿತು. ಮಿಫ್ಲೆಹ್ ಕಣ್ಣೊರೆಸಿಕೊಂಡ.

"ಇಷ್ಟಕ್ಕೆ ಇಷ್ಟೆಲ್ಲಾ ಯಾಕೆ?" ಅಂದ ಅಬೂ ತುರ್ಕಿ. "ಕೊನೆ ನಾನೇ ಹೇಳ್ತೀನಿ..."

"ಬೇಡ!" ಅಂದರು ಮಿಫ್ಲೆಹ್ ಮತ್ತು ಹಿಯಾಮ್ ಒಂದೇ ಉಸಿರಿಗೆ.

ಹಾಜಿ ದಿಯಾಬ್ ಮಗಳ ಮುಖ ನೋಡಿದ, ಮಿಫ್ಲೆಹ್ ಮುಖ ನೋಡಿದ. ಸಿಟ್ಟು ಎಲ್ಲಿ ಹೋಯಿತೋ, ಮೆಲ್ಲಗೆ ಕೂತುಕೊಂಡ. "ಓದಮ್ಮಾ. ಗಟ್ಟಿಯಾಗಿ ಓದು. ಯಾವ ವಿಷಯಕ್ಕೆ ನನ್ನ ಮನೇಲಿ ಬಟ್ಟಲು ನೆಲಕ್ಕಿಳೀತು ಅಂತ ನಾನೂ ತಿಳ್ಕೋಬೇಕು."

ಮನ್ಸಫ್ ಬಂತು. ಯಾರೂ ಕೈಯಿಕ್ಕಲಿಲ್ಲ. ಬಿಸಿ ಮನ್ಸಫ್ ಆರುವುದನ್ನು ಸುಮ್ಮನೆ ನೋಡುತ್ತಾ ಕೂತ ಜನರನ್ನು ನಾನು ಕಂಡದ್ದು ಅದೊಂದೇ ಸಲ. ತೊಟ್ಟಿಲ ಪಕ್ಕದಲ್ಲಿ ಕೂತು ಹಿಯಾಮ್ ಓದಿದಳು, ಮಿಫ್ಲೆಹ್ ಕಡ್ಡಿಯಿಂದ ಪುಟ ತಿರುಗಿಸಿದ. ಪತ್ತೇದಾರ ಎಲ್ಲರನ್ನೂ ಗೋದಾಮಿನ ಅಂಗಳಕ್ಕೆ ಕರೆಸುತ್ತಾನೆ. ಜರ್ದಾಳಿನ ಬುಟ್ಟಿಯೊಂದನ್ನು ನೆಲಕ್ಕೆ ಸುರಿಯುತ್ತಾನೆ. ಅದರಡಿಯಲ್ಲಿ ಸಿಕ್ಕ ಕೀಲಿಕೈಯನ್ನು ಎತ್ತಿ ಹಿಡಿದು, "ಇದರ ಒಡೆಯನೇ ಕೊಲೆಗಾರ. ಅವನು ಬೇರಾರೂ ಅಲ್ಲ..." ಅನ್ನುತ್ತಾನೆ.

ಹಿಯಾಮ್ ನಿಲ್ಲಿಸಿದಳು.

"ಓದಮ್ಮಾ!" ಅಂತ ಹಾಜಿ ತೊಡೆ ತಟ್ಟಿದ.

ಅವಳು ಓದಿದಳು: "ಪ್ರಿಯ ಓದುಗರೇ, ಮುಂದಿನ ವಾರ ನನ್ನ ಪರೀಕ್ಷೆ ಇದೆ. ಉಳಿದ ಪುಟಗಳನ್ನು ಅದು ಮುಗಿದ ಮೇಲೆ ಟೈಪು ಮಾಡಿ ಹಾಕುತ್ತೇನೆ. ನಾನು ಪಾಸಾಗಲಿ ಅಂತ ದುವಾ ಮಾಡಿ."

ಮಿಫ್ಲೆಹ್ ಕಡ್ಡಿಯಿಂದ ತಿವಿದ. ಇನ್ನೊಮ್ಮೆ ತಿವಿದ. ಮುಂದೆ ಏನೂ ಇರಲಿಲ್ಲ.

ಹಾಜಿ ದಿಯಾಬ್ ದೊಡ್ಡ ಮನುಷ್ಯ, ದುವಾ ಕೇಳಿದವರಿಗೆ ಇಲ್ಲ ಅನ್ನಲಾರ. ಎರಡೂ ಕೈಯೆತ್ತಿ, "ಯಾ ಅಲ್ಲಾಹ್, ಆ ಮಗು ಯಾವುದೋ ಏನೋ, ಪಾಸು ಮಾಡಿಸು" ಅಂದ. ನಾವೆಲ್ಲಾ ಆಮೀನ್ ಅಂದೆವು. ಆಮೀನ್ ಮುಗಿದದ್ದೇ ಕೋಣೆಯ ಕಣ್ಣೆಲ್ಲಾ ಅಬೂ ತುರ್ಕಿಯತ್ತ ತಿರುಗಿತು.

"ಕೊನೇ ಅಕ್ಷರದವರೆಗೆ ಓದಿದ್ದೆ ಅಂದ್ರಿ?" ಅಂದ ಮಿಫ್ಲೆಹ್.

"ಇದ್ದ ಕೊನೇ ಅಕ್ಷರದವರೆಗೆ!" ಅಂದ ಅಬೂ ತುರ್ಕಿ. ಮೀಸೆ ಮೊದಲ ಬಾರಿಗೆ ಸಾವಧಾನದಿಂದ ವಿಶ್ರಾಮಕ್ಕೆ ಇಳಿದಿತ್ತು. "ಮಿಕ್ಕಿದ್ದು ನನಗೆ ಹೇಗೂ ಗೊತ್ತು."

ಮುಂಝಿರ್ ಮಾತ್ರ ಪಕ್ಕದವನ ಮಣಿಕಟ್ಟು ಹಿಡಿದು, ಕೇಳದಿದ್ದರೂ ನಾಡಿ ನೋಡತೊಡಗಿದ. ಮುಂದಿನ ಸೀಟು ಗಿಟ್ಟಿಸಿದವರೆಲ್ಲಾ, ಮೇಕೆಮರಿ ಸಮೇತ, ಮಿಫ್ಲೆಹ್ ಕಣ್ಣ ಮುಂದೆ ಸಾಲಾಗಿ ಹಾದುಹೋಗಿರಬೇಕು.

"ನಿಮ್ಮ ಅಂದಾಜಲ್ಲಿ ಯಾರು?" ಅಂತ ಹಿಯಾಮ್ ಮೆಲ್ಲಗೆ ಕೇಳಿದಳು.

"ಗಡಿಯಾರದವನು."

"ಸಾಧ್ಯವೇ ಇಲ್ಲ. ಅವನ ಅಂಗಡಿ ಬೀದಿಯ ಪೂರ್ವಕ್ಕಿದೆ. ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯೋವಾಗ ಗೋದಾಮಿನ ಬಾಗಿಲು ಕಂಡೆ ಅಂತಾನೆ..."

"ಆ ಸುಳ್ಳೇ ಅವನನ್ನ ಹಿಡಿಸೋದು ಅಂತೀನಿ ನಾನು!"

"ಹೆದರಿಕೆಗೆ ಹೇಳಿದ ಸುಳ್ಳು ಅದು. ಸಾಹುಕಾರನ ತಮ್ಮನನ್ನ ನೋಡಿ, ತಮ್ಮನನ್ನ!"

ತಣ್ಣಗಾದ ಮನ್ಸಫನ್ನು ನಾವು ತಿಂದು ಕೈತೊಳೆದು ಬಂದರೂ ಅವರಿಬ್ಬರ ವಾದ ಮುಗಿದಿರಲಿಲ್ಲ. ಹಾಜಿ ದಿಯಾಬ್ ನನ್ನನ್ನು ನೋಡಿದ. ನಾನು ಮತ್ತೆ ಮೀಸೆ ಸವರಿಕೊಂಡೆ. ಈ ಸಲ ವಿಷಯ ಗೊತ್ತಿತ್ತು.

ರಂಜಾನಿಗೆ ಮುಂಚೆಯೇ ನಾವು ಕ್ರಮವಾಗಿ, ಹಾಜ್ಜಾ ಸಬ್ಹಾಳ ಕಡೆಯ ಹಿರಿಯರನ್ನೆಲ್ಲಾ ಕರಕೊಂಡು, ಎರಡು ಬಸ್ಸಿನಲ್ಲಿ ಹೆಣ್ಣು ಕೇಳಲು ಹೋದೆವು. ಬಸ್ಸುಗಳು ತುಂಬಿಯೇ ಹೊರಟವು. ಮಿಫ್ಲೆಹ್‌ನ ಚಿಕ್ಕಪ್ಪ ಕಾಫಿ ಬಟ್ಟಲನ್ನು ಮುಟ್ಟದೆ ಕೆಳಗಿಟ್ಟ. ಹಾಜಿ ದಿಯಾಬ್ ಶೆಲ್ಫಿನತ್ತ ಕೈ ತೋರಿಸಿ, "ಪ್ಲಗ್ಗು ಅಲ್ಲೇ ಇದೆ. ಕುಡೀರಿ" ಅಂದ. ಆ ನಗುವಿನಲ್ಲಿ ಅರ್ಧ ಬಟ್ಟಲು ಚೆಲ್ಲಿಹೋಯಿತು. ಹಾಜಿಯ ಅಕ್ಕ ಹಿಂದೆ ತುಂಡಾದ ಉಲುಲನ್ನು ನಿಂತಲ್ಲಿಂದಲೇ ಮುಂದುವರಿಸಿದಳು.

ಮದುವೆಯಾದ ಮೇಲೆ ಗಂಡ ಹೆಂಡತಿ ಅಮ್ಮಾನಿನಲ್ಲಿ ಪುಸ್ತಕ ಹರವಿಕೊಂಡು ಕೂರುವವರ ಬೀದಿಯೆಲ್ಲಾ ಸುತ್ತಿದರು. ಧೂಳಿನ ರಾಶಿಯಿಂದ ಹಿಯಾಮ್ ಆ ಕಾದಂಬರಿಯನ್ನು ಎಳೆದು ತೆಗೆದಳು. ಕಾಗದದ್ದು, ಮೂಲೆ ಇಲಿ ತಿಂದದ್ದು, ಆದರೆ ಕೊನೆಯ ಪುಟ ಇದ್ದದ್ದು. ಊರಿಗೆ ಬರುವ ದಾರಿಯಲ್ಲಿ ಬಸ್ಸು ನಿಲ್ಲಿಸಿ ಇಬ್ಬರೂ ಓದಿದರಂತೆ. ಕೊಲೆಗಾರ ಯಾರು ಅಂತ ಸ್ಟ್ಯಾಂಡಿನಲ್ಲಿ ಯಾರು ಕೇಳಿದರೂ ಮಿಫ್ಲೆಹ್‌ದು ಒಂದೇ ಉತ್ತರ. "ನಿಮಗೆ ಗೊತ್ತಿರೋದೇ ಅಲ್ವಾ? ನೀವೆಲ್ಲಾ ಓದಿದೀರಲ್ಲ!"

ಯಾರಿಗೆ ಹೇಗೋ, ಅಬೂ ತುರ್ಕಿಗೆ ಅದು ನುಂಗಲಾರದ ತುತ್ತಾಯಿತು. ದಿನಾ ಮುಂದಿನ ಸೀಟಿನಲ್ಲಿ ಕೂರುತ್ತಿದ್ದ. ಹವೆಯ ಮಾತಾಡುತ್ತಿದ್ದ, ಜರ್ದಾಳಿನ ಬೆಳೆ ಈ ವರ್ಷ ಹೇಗೋ ಅನ್ನುತ್ತಿದ್ದ, ಗಡಿಯಾರ ರಿಪೇರಿಯವರು ನಂಬಿಕಸ್ಥರಲ್ಲ ಅಂತ ಗಾಳ ಹಾಕಿ ನೋಡುತ್ತಿದ್ದ. ಮಿಫ್ಲೆಹ್ "ಹೌದಾ?" ಅಂದು ಗೇರು ಬದಲಿಸುತ್ತಿದ್ದ.

ಕೊನೆಗೊಂದು ಬೆಳಗ್ಗೆ ಬಸ್ಸು ತುಂಬಿತ್ತು. ನನ್ನದು ಹಿಂದೆ ಕಾಯುತ್ತಿತ್ತು. ಅಬೂ ತುರ್ಕಿ ಸ್ಟ್ಯಾಂಡಿನ ಅಂಗಡಿಯಿಂದ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಬಂದು, ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತ. ಕುಡಿಯಲಿಲ್ಲ. ರಸ್ತೆಯನ್ನೇ ನೋಡುತ್ತಾ, ಲೋಟವನ್ನು ಸ್ಟೀರಿಂಗಿನ ಮುಂದೆ ಮೆಲ್ಲಗೆ ಇಟ್ಟ.

ಹಿಂದಿನ ಸೀಟಿನವರೆಲ್ಲಾ ಕತ್ತು ಚಾಚಿದರು. ಮಿಫ್ಲೆಹ್ ಲೋಟ ನೋಡಿದ. ಇಂಜಿನ್ನು ಆರಿಸಿದ.

"ಕುಡೀರಿ, ಅಬೂ ತುರ್ಕಿ" ಅಂದ. "ನಿಮ್ಮ ಬೇಡಿಕೆ ಈಡೇರಿತು."

ಆವತ್ತು ಆ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಅಂತ ನನ್ನನ್ನು ಕೇಳಬೇಡಿ. ಹಿಂದೆ ನಿಂತು ಹಾರನ್ನು ಹೊಡೆಯಬೇಕಾದ ನಾನೇ ಅವನ ಕಿಟಕಿಗೆ ಕಿವಿ ಕೊಟ್ಟು ನಿಂತಿದ್ದೆ.